ಹಲಗೆ ಮೇಲಿನ ಪಿಂಗಾಣಿ

ಜೇವರ್ಗಿ ದಾಟಿದ ಮೇಲೆ, ಕಲ್ಲಿನ ಖಣಿಯ ಕೂಲಿಗಳಿಗೆಂದು ಕಂಪನಿ ಕಟ್ಟಿಸಿದ ಹಳೆಯ ಕಾಲೊನಿ. ಮನೆಗಳೆಲ್ಲ ಒಂದೇ ಅಚ್ಚು. ಖಣಿ ಮುಚ್ಚಿ, ನೀರು ತುಂಬಿ ಎಷ್ಟೋ ವರ್ಷಗಳಾಗಿದ್ದವು. ಆ ವಾರವಷ್ಟೇ ವರ್ಗವಾಗಿ ಬಂದು ಅಲ್ಲಿ ಮನೆ ಹಿಡಿದ ಅನೂಪ ಮಾಸ್ತರನಿಗೆ ಒಂದೇ ಕಾಟ. ಬೆಳಗ್ಗೆ ಗೋಡೆಯ ಹಲಗೆಯ ಮೇಲಿಟ್ಟ ಪಾತ್ರೆಗಳು ಸಂಜೆ ಕೀಲಿ ತೆಗೆದರೆ ನೆಲಕ್ಕಿಳಿದು, ಪಂಕ್ತಿ ಊಟಕ್ಕೆ ಬಂದವರಂತೆ ಸಾಲಾಗಿ ಕೂತಿರುತ್ತಿದ್ದವು.

ಹೆಂಡತಿ ಮೃಣಾಲಿನಿ ತವರಿನ ಪಿಂಗಾಣಿ ಸೆಟ್ಟಿನೊಂದಿಗೆ ಬಂದಳು. ಮಧ್ಯಾಹ್ನ ಪೇಟೆಗೆ ಹೋಗಿ ಬರುವಷ್ಟರಲ್ಲಿ ಅದೂ ನೆಲದ ಮೇಲೆ!

“ಇನ್ನೊಂದ್ ಸಲ ಹಿಂಗಾದ್ರ ನಾ ಕಲಬುರಗಿ ಬಸ್ ಹತ್ತಾಕಿ. ಮತ್ತ ಕರಿಯಾಕ ಬರಬ್ಯಾಡ್ರಿ,” ಎಂದಳು.

ಮರುದಿನ ಭಾನುವಾರ. ಹಿಂದೆ ಖಣಿಯಲ್ಲಿ ಎಚ್ಚರಿಕೆಯ ಭೋಂಗಾ ಊದುತ್ತಿದ್ದ ಪಕ್ಕದ ಮನೆಯ ಶರಫುದ್ದೀನ ಚಾಚಾ ಕರೆಯದೇ ಬಂದು ಬುದ್ಧಿ ಹೇಳಿದ. “ಇಳದ್ರ ಇಳೀಲಿ ಬಿಡ್ರಿ ಮಾಸ್ತರ. ನಾವೂ ಪಾತ್ರಿ ನೆಲದ ಮ್ಯಾಲೇ ಇಡ್ತೀವಿ.”

ಅನೂಪ ಕೇಳಲಿಲ್ಲ. ಮುಂಬಾಗಿಲಿಗೆ ಕೀಲಿ ಹಾಕಿ, ಹಿತ್ತಲಿನಿಂದ ಒಳಬಂದು, ಗಂಡ ಹೆಂಡತಿ ಹಲಗೆಯ ಬದಿಯ ಮಂಚದ ಕೆಳಗೆ ಸೇರಿಕೊಂಡರು.

ಮಧ್ಯಾಹ್ನ ಇಳಿಯಿತು. ಹೊರಗೆ ಬೊಗಳುತ್ತಿದ್ದ ನಾಯಿಗಳು ಒಮ್ಮೆಲೇ ಸುಮ್ಮನಾದವು. ಕೀಲಿ ತಿರುಗಿತು. ಎರಡು ಬರಿಗಾಲು ಒಳಗೆ ಬಂದವು. ಪಿಂಗಾಣಿ ಒಂದೊಂದೇ ನೆಲಕ್ಕಿಳಿಯತೊಡಗಿತು. ಅನೂಪ ಕಣ್ಣು ಮುಚ್ಚಿ ಒಂದು ಕಾಲು ಹಿಡಿದೇಬಿಟ್ಟ.

“ಅಯ್ಯಯ್ಯವ್ವ!”

ಕೊನೆಯ ಮನೆಯ ಮುದುಕಿ ಸಕ್ಕುಬಾಯಿ!

“ನೀವೇನ್ರಿ ಆಯಿ! ಹೆಂಗ ಒಳಗ ಬಂದ್ರಿ?”

“ಕಾಲೊನ್ಯಾಗ ಎಲ್ಲಾ ಬಾಗಿಲಕ್ಕೂ ಒಂದೇ ಕೀಲಿಕೈರಿ ಸರ. ಖಣ್ಯಾಗ ಕಲ್ಲು ಒಡ್ಯಾಕ ಮದ್ದು ಹಾರ್ಸೂ ಹೊತ್ತಿಗೆ ಎಲ್ಲಾರ ಮನಿ ಪಾತ್ರಿ ಇಳಸೂದು ನನ್ನ ಕೆಲಸ. ಬಿದ್ದು ಒಡೀಬಾರದಲ್ರಿ?”

ಮೃಣಾಲಿನಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅನೂಪನಿಗೆ ಹೋದ ಜೀವ ಬಂದಂತಾಯಿತು. ಪಿಂಗಾಣಿಯನ್ನೆಲ್ಲ ತಾನೇ ಮತ್ತೆ ಹಲಗೆಗೇರಿಸಿದ.

“ಖಣಿ ಮುಚ್ಚಿ ಎಷ್ಟೋ ವರ್ಷಾತು. ಇನ್ನ ಈ ಚಟ ಬಿಡ್ರಿ ಆಯಿ.”

“ಬಿಡ್ತೇನ್ರಿ ಸರ. ಆದ್ರ ಇವತ್ತಿಂದು ಇನ್ನಾ ಆಗಿಲ್ಲ,” ಎನ್ನುತ್ತ ಮುದುಕಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಏನಾಗಿಲ್ಲ?”

ನೆಲದಡಿಯಿಂದ ಧಡ್ ಎಂದಿತು. ಹಲಗೆ ನೆಗೆಯಿತು. ಪಿಂಗಾಣಿಯಲ್ಲಿ ಒಂದು ಬಟ್ಟಲೂ ಉಳಿಯಲಿಲ್ಲ.

“ಯಾ... ಯಾರ್ರೀ ಹಾರ್ಸಿದ್ದು?”

“ನೀರು ನುಗ್ಗಿದ ದಿನ ಐದಾರು ಮಂದಿ ಮ್ಯಾಲ ಬರಲೇ ಇಲ್ರಿ. ಖಣಿ ಮುಚ್ಚ್ಯಾದಂತ ಅವ್ರಿಗೆ ಯಾರು ಹೇಳ್ಬೇಕು?” ಸಕ್ಕುಬಾಯಿ ಚೂರುಗಳನ್ನು ಸೆರಗಿಗೆ ಆರಿಸತೊಡಗಿದಳು. “ನಾಳಿಗೆ ಇಳಸ್ಲೋ ಬ್ಯಾಡೋ ಸರ?”

ಮೃಣಾಲಿನಿ ಆಗಲೇ ಚೀಲ ಹಿಡಿದು ಅಂಗಳ ದಾಟಿದ್ದಳು. ಅನೂಪ ತಡೆಯಲಿಲ್ಲ. ಅವನು ತನ್ನ ಚಪ್ಪಲಿ ಹುಡುಕುತ್ತಿದ್ದ.