ಐದನೇ ದಿನದ ಫ್ರಾಕು

ನರ್ಸರಿಗೆ ಸೇರಿ ನಾಲ್ಕು ದಿನ ಕಳೆಯುವಷ್ಟರಲ್ಲಿ ಶಿಲ್ಪಾ ಏಳು ಸಲ ಫ್ರಾಕು ಒದ್ದೆ ಮಾಡಿಕೊಂಡಿದ್ದಳು. ಜೂನ್ ತಿಂಗಳು, ಮಣಿಪಾಲದ ಮಳೆಯಲ್ಲಿ ಒಗೆದ ಬಟ್ಟೆ ಒಣಗುವ ಮಾತೇ ಇಲ್ಲ. ಶೆಡ್ಡಿನೊಳಗೆ ಹಗ್ಗ ಕಟ್ಟಿ ನೇತುಹಾಕಿದ ಪುಟ್ಟ ಪುಟ್ಟ ಚಡ್ಡಿಗಳ ಕೆಳಗೆ ತಲೆ ಬಗ್ಗಿಸಿ ಓಡಾಡಿ ಅವಳ ಅಪ್ಪ ಮಲ್ಲಿನಾಥನಿಗೆ ಕುತ್ತಿಗೆ ಹಿಡಿದುಕೊಂಡಿತ್ತು.

ಬಾಗಲಕೋಟೆ ಕಡೆಯಿಂದ ಬಂದ ಮಲ್ಲಿನಾಥ ಆರು ವರ್ಷದಿಂದ ಇಲ್ಲಿ ಟೈಲ್ಸ್ ಹಾಕುತ್ತಿದ್ದ. ಊರಿನ ಎಷ್ಟೋ ಬಾತ್‌ರೂಮುಗಳು ಅವನ ಕೈಯಲ್ಲೇ ಮಿಂಚಿದ್ದವು. ಅವನ ಶೆಡ್ಡಿಗೆ ಮಾತ್ರ ಬಾತ್‌ರೂಮ್ ಇರಲಿಲ್ಲ, ಹಿಂದಿನ ಪೊದೆಯೇ ಗತಿ. ಮೇ ತಿಂಗಳವರೆಗೆ ಮಗಳನ್ನು ಕೆಲಸದ ಜಾಗಕ್ಕೇ ಕರೆದೊಯ್ಯುತ್ತಿದ್ದ. ಒಂದು ದಿನ ಇಟ್ಟಿಗೆಯೊಂದು ಅವಳ ಪಕ್ಕದಲ್ಲೇ ಬಿದ್ದ ಮೇಲೆ ಮೇಸ್ತ್ರಿ ಕರಿಬಸವ ಇನ್ನು ಮಕ್ಕಳು ಬರಕೂಡದೆಂದ. ಹೆಂಡತಿ ಸವಿತಾಳಿಗೆ ಹಾಸ್ಟೆಲೊಂದರಲ್ಲಿ ಕಸ ಗುಡಿಸುವ ಕೆಲಸ ಆಗಷ್ಟೇ ಸಿಕ್ಕಿತ್ತು; ಮಗುವನ್ನು ಕಟ್ಟಿಕೊಂಡು ಬರುವುದಾದರೆ ಬರಲೇಬೇಡ ಎಂದು ಅಲ್ಲಿಯೂ ಹೇಳಿದ್ದರು. ನರ್ಸರಿ ತಪ್ಪಿದರೆ ಇಬ್ಬರಲ್ಲಿ ಒಬ್ಬರ ಕೆಲಸ ಹೋದಂತೆಯೇ. ಅದೂ ಅಲ್ಲದೆ, ಆ ಮನೆತನದಲ್ಲಿ ಕುತ್ತಿಗೆಗೆ ಟೈ ಕಟ್ಟಿದ ಮೊದಲ ಜೀವ ಶಿಲ್ಪಾ.

ಐದನೇ ದಿನ, ಶುಕ್ರವಾರ ಬೆಳಿಗ್ಗೆ, ಶೆಡ್ ಸಾಲಿನವರು ಕರೆಯದೆಯೇ ಬಂದರು.

“ಯಾರದೋ ಕಣ್ಣ ಬಿದ್ದೈತಿ,” ಎಂದು ಪಕ್ಕದ ಯಂಕವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಎಲ್ಲರೂ ಕೆಮ್ಮಿ ಕೆಮ್ಮಿ ಸುಸ್ತಾದರು.

ಎದುರು ಶೆಡ್ಡಿನ ಬಾಲಪ್ಪ ಪ್ಲಂಬರ್. ಅವನ ಯೋಚನೆಯೂ ಪೈಪಿನಲ್ಲೇ ಹರಿಯುವುದು. “ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತಿ? ಮುಂಜಾನಿಂದ ನೀರಾ ಕೊಡಬ್ಯಾಡ. ಟ್ಯಾಂಕ್ ಖಾಲಿ ಇದ್ರ ನಳದಾಗ ಏನ್ ಬರ್ತೈತಿ?”

ಮಾತು ಮಲ್ಲಿನಾಥನಿಗೆ ಸರಿ ಎನಿಸಿತು. ನೀರೂ ಇಲ್ಲ, ಚಹಾನೂ ಇಲ್ಲ; ಒಣ ರೊಟ್ಟಿ ತಿನ್ನಿಸಿ ಮಗಳನ್ನು ನರ್ಸರಿಗೆ ಬಿಟ್ಟು ಬಂದ.

ಹತ್ತು ಗಂಟೆಗೆ ಅವನು ಮೂರನೇ ಮಹಡಿಯಲ್ಲಿ ಸಿಮೆಂಟು ಕಲಸಿ ಕೂತಿದ್ದ. ಕೆಳಗಿನಿಂದ ಕರಿಬಸವ ಕೂಗಿದ. ಅವನು ಆ ವರ್ಷವಷ್ಟೇ ಮೊಬೈಲು ಕೊಂಡಿದ್ದ.

“ಲೇ ಮಲ್ಯಾ, ಮತ್ತ ನರ್ಸರಿ ಫೋನು! ಇದೇನು ನನ್ನ ಮೊಬೈಲೋ, ನಿನ್ನ ಮಗಳ ಫ್ರಾಕಿನ ಆಫೀಸೋ? ಲಗೂನ ಹೋಗಿ ಬಾ. ಕಲಸಿದ ಸಿಮೆಂಟ್ ಗಟ್ಟಿ ಆತಂದ್ರ ನಿನ್ನ ತಲಿ ಮ್ಯಾಲ ಒಡಿತೀನಿ!”

ಮಲ್ಲಿನಾಥ ಸಿಮೆಂಟಿನ ಕೈಯಲ್ಲೇ ಓಡಿದ. ನರ್ಸರಿ ನಡೆಸುವ ಜೆರ್ಟ್ರೂಡ್ ಬಾಯಿ ಬಾಗಿಲಲ್ಲೇ ನಿಂತಿದ್ದರು.

“ನೀವು ಮಗುವಿಗೆ ನೀರು ಕೊಡುದಿಲ್ವಾ ಮಾರಾಯ್ರೆ? ಬಂದ ಕೂಡಲೇ ನಾಲ್ಕು ಮಕ್ಕಳ ಬಾಟ್ಲಿ ಖಾಲಿ ಮಾಡಿದ್ದಾಳೆ! ಈಗ ಕ್ಲಾಸಿನಲ್ಲಿ ಎಂತ ಆಗಿದೆ, ನೀವೇ ನೋಡಿ.”

ಮಲ್ಲಿನಾಥ ನೋಡಿದ. ಸಿಮೆಂಟಿನ ನೆಲದ ನಡುವೆ ಒಂದು ಕೆರೆ. ಇಪ್ಪತ್ತೈದು ಮಕ್ಕಳು ಬ್ಯಾಗು ಎತ್ತಿಕೊಂಡು ಗೋಡೆಗೆ ಒತ್ತಿ ನಿಂತಿದ್ದವು. ಇಪ್ಪತ್ತಾರನೆಯದು ಕೆರೆಯ ಮಧ್ಯೆ ನಿಂತು ಅಪ್ಪನನ್ನು ಕಂಡು ನಕ್ಕಿತು.

“ಬಾತ್‌ರೂಮಿಗೆ ಕರ್ಕೊಂಡು ಹೋದ್ರೆ ಬಾಗಿಲಲ್ಲೇ ನಿಲ್ತಾಳೆ. ವಾಪಸ್ ಕ್ಲಾಸಿಗೆ ಬಂದು ಮಾಡ್ತಾಳೆ,” ಎಂದರು ಸೋಫಿಯಾ ಟೀಚರ್, ಅಳುವ ದನಿಯಲ್ಲಿ.

“ನಾನು ಹೇಳುದು ಇಷ್ಟೇ,” ಎಂದರು ಜೆರ್ಟ್ರೂಡ್ ಬಾಯಿ. “ಕ್ಲಾಸಿನಲ್ಲಿ ಇನ್ನೊಂದು ಸಲ ಆದ್ರೆ ಹೆಸರು ತೆಗೆಯುದು. ಮುಂದಿನ ವರ್ಷ ಕರ್ಕೊಂಡು ಬನ್ನಿ.”

ಮಲ್ಲಿನಾಥ ತಾನೇ ನೆಲ ಒರೆಸಿದ, ಮಗಳಿಗೆ ಬೇರೆ ಫ್ರಾಕು ಹಾಕಿದ. ಮಧ್ಯಾಹ್ನದವರೆಗೆ ನನ್ನನ್ನು ಜಗಲಿಯಲ್ಲಿ ಕೂತಿರಲು ಬಿಡಿ ಎಂದು ಬೇಡಿಕೊಂಡ; ಬಾಯಿಯವರ ಕಾಲು ಹಿಡಿಯುವುದೊಂದು ಬಾಕಿ. ಅತ್ತ ಮೂರನೇ ಮಹಡಿಯಲ್ಲಿ ಸಿಮೆಂಟು ಗಟ್ಟಿಯಾಗುತ್ತಿತ್ತು. ಇತ್ತ ಮಗಳ ಹೊಟ್ಟೆಯಲ್ಲಿ ಇನ್ನೆಷ್ಟು ಬಾಟ್ಲಿ ನೀರು ಉಳಿದಿದೆಯೋ, ಲೆಕ್ಕ ಸಿಗಲಿಲ್ಲ. ಇಂಥ ಹಣೆಬರಹ ಯಾವ ವೈರಿಗೂ ಬೇಡವೆನಿಸಿತು.

ಹನ್ನೊಂದೂವರೆಗೆ ಸೋಫಿಯಾ ಟೀಚರ್ ಮತ್ತೆ ಶಿಲ್ಪಾಳ ಕೈ ಹಿಡಿದು ಹೊರಟರು. ಮಲ್ಲಿನಾಥ ಕಂಬದ ಮರೆಯಿಂದ ನೋಡಿದ. ಹುಡುಗಿ ಬಾತ್‌ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಒಳಗೆ ಬಿಳಿ ಟೈಲ್ಸ್ ಫಳಫಳ ಹೊಳೆಯುತ್ತಿದ್ದವು. ಒಂದು ಕಾಲು ಇಟ್ಟವಳು ಕೆಂಡ ತುಳಿದಂತೆ ಹಿಂದಕ್ಕೆಳೆದುಕೊಂಡು, ತೊಡೆ ಒತ್ತಿ ಹಿಡಿದು, ನೇರ ಕ್ಲಾಸಿನ ಕಡೆಗೆ ಓಡಿದಳು.

ಮಲ್ಲಿನಾಥ ನುಗ್ಗಿ ಅವಳನ್ನು ಎತ್ತಿಕೊಂಡ. “ಯಾಕವ್ವ? ಒಳಗ ಯಾಕ ಹೋಗವಲ್ಲಿ?”

“ಅಲ್ಲಿ ಟೈಲ್ಸ್ ಅದಾವಪ್ಪ,” ಎಂದಳು ಶಿಲ್ಪಾ ಪಿಸುದನಿಯಲ್ಲಿ. “ಟೈಲ್ಸ್ ಮ್ಯಾಲ ಉಚ್ಚಿ ಹೊಯ್ದ್ರ ಕಾಲ ಮುರೀತೀನಂತ ನೀನಾ ಹೇಳೀದಿ.”

ಹೌದು, ಹೇಳಿದ್ದ. ಕಂಡವರ ಮನೆಯ ಹೊಸ ಟೈಲ್ಸ್ ಹಾಳಾದೀತೆಂದು ಒಂದಲ್ಲ, ನೂರು ಸಲ ಗದರಿದ್ದ. ಐದು ದಿನದಿಂದ ಮಗು ಅಪ್ಪನ ಮಾತನ್ನೇ ಪಾಲಿಸುತ್ತಿತ್ತು; ಎಲ್ಲರ ಬೈಗುಳವನ್ನೂ ತಿನ್ನುತ್ತಿತ್ತು. ಮಲ್ಲಿನಾಥನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ಮಗಳನ್ನು ಬಾತ್‌ರೂಮಿಗೆ ಒಯ್ದು ಬೆರಳ ಗೆಣ್ಣಿನಿಂದ ಟೈಲ್ಸ್ ಬಡಿದು ತೋರಿಸಿದ. “ನೋಡು, ಇದು ಗಟ್ಟಿ ಆಗೇತಿ. ಅದು ಮಂದಿ ಮನಿಗೆ ಹೇಳಿದ್ದವ್ವ, ಸಾಲ್ಯಾಗ ಹಂಗಲ್ಲ. ಸಾಲ್ಯಾಗ ಎಲ್ಲಿ ಟೈಲ್ಸ್ ಇರ್ತಾವ, ಅಲ್ಲೇ ಹೊಯ್ಯಬೇಕು. ಸಿಮೆಂಟಿನ ಮ್ಯಾಲ ಮಾತ್ರ ಹೊಯ್ಯಬಾರದು. ತಿಳೀತಿಲ್ಲ?”

ತಿಳಿಯಿತು. ನಾಲ್ಕು ಬಾಟ್ಲಿಯ ಬಾಕಿಯೆಲ್ಲ ಹರಿದು ಹೋಗುವ ಸದ್ದು ಕೇಳುತ್ತ ಮಲ್ಲಿನಾಥ ಹೊರಗೆ ನಿಂತು ಕಣ್ಣೊರೆಸಿಕೊಂಡ.

ಸೋಫಿಯಾ ಟೀಚರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. “ಇನ್ನು ಕೆಲವು ಮಕ್ಕಳದ್ದೂ ಇದೇ ಕತೆ. ಒಳ್ಳೆ ಪಾಠ, ಎಲ್ಲರೂ ಕಲೀಲಿ,” ಎಂದು ಶಿಲ್ಪಾಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹೇಳಿಸಿದರು. ಇಪ್ಪತ್ತಾರು ಗಂಟಲು ಒಟ್ಟಿಗೆ ಕೂಗಿದವು: “ಶಾಲೆಯಲ್ಲಿ ಟೈಲ್ಸ್ ಇದ್ದಲ್ಲೇ ಸುಸ್ಸು! ಸಿಮೆಂಟಿನ ಮೇಲೆ ಇಲ್ಲ!” ಹತ್ತು ಸಲ ಹೇಳಿಸಿದ ಮೇಲೆ ಪಾಠ ಬಾಯಿಪಾಠವಾಯಿತು.

ಜೆರ್ಟ್ರೂಡ್ ಬಾಯಿ ಮಲ್ಲಿನಾಥನನ್ನು ಆಫೀಸಿಗೆ ಕರೆದು, ಕುರ್ಚಿ ಕೊಟ್ಟು, ಚಹಾ ತರಿಸಿದರು.

“ಹೆಸರು ತೆಗೆಯುದಿಲ್ಲ, ಹೆದರಬೇಡಿ. ನಿಜ ಹೇಳ್ಬೇಕಾದ್ರೆ ನಿಮ್ಮ ಮಗಳಿಂದಲೇ ನನಗೆ ಬುದ್ಧಿ ಬಂದದ್ದು. ಆ ಸಿಮೆಂಟ್ ನೆಲ ಎಷ್ಟು ಒರೆಸಿದ್ರೂ ವಾಸನೆ ಹೋಗುದಿಲ್ಲ. ಹಾಗಾಗಿ ಕ್ಲಾಸಿಗೆ ಪೂರಾ ಟೈಲ್ಸ್ ತರಿಸಿದ್ದೇನೆ. ನಾಳೆ ಶನಿವಾರ, ನಾಡಿದ್ದು ಆದಿತ್ಯವಾರ, ಎರಡೂ ದಿನ ರಜೆ ಉಂಟು. ನಿಮ್ಮ ಮೇಸ್ತ್ರಿಗೆ ಫೋನ್ ಮಾಡಿದೆ, ಎರಡು ದಿನ ನಿಮ್ಮನ್ನು ಬಿಡ್ತಾರಂತೆ. ನೀವೇ ಹಾಕಿ ಕೊಡಿ.”

ಚಹಾ ಮಲ್ಲಿನಾಥನ ನೆತ್ತಿಗೇರಿತು. “ಬ್ಯಾಡ್ರೀ ಬಾಯಿ! ಸಿಮೆಂಟಾ ಚಲೋ ರೀ! ಮಕ್ಕಳಿಗೆ ಟೈಲ್ಸ್ ಜಾರ್ತೈತ್ರೀ!”

“ಎಂಥ ಟೈಲ್ಸಿನವರು ನೀವು! ಜಾರದ ಟೈಲ್ಸೇ ತರಿಸಿದ್ದು. ಮಕ್ಕಳಿಗೂ ಆಗಲೇ ಹೇಳಿಯಾಯ್ತು, ಎಷ್ಟು ಖುಷಿ ಗೊತ್ತುಂಟಾ?”

ಕ್ಲಾಸಿನಿಂದ ‘ಹೋ’ ಎಂಬ ಕೂಗು ಕೇಳಿಸಿತು. ಶಿಲ್ಪಾ ಓಡಿಬಂದು ಅಪ್ಪನ ಕಾಲು ತಬ್ಬಿಕೊಂಡಳು.

“ಅಪ್ಪಾ, ಸೋಮವಾರದಿಂದ ಎದ್ದು ಹೋಗೋದಾ ಬ್ಯಾಡ! ಎಲ್ಲಾರೂ ಕುಂತಲ್ಲೇ!”