ಹೇಗೋ ಮ್ಯಾನೇಜ್ ಮಾಡುವವನು

ಎಲ್ಲ ಫಜೀತಿಗೂ ಮೂಲ ಅವನ ಬಾಯಲ್ಲಿದ್ದ ಒಂದೇ ಮಾತು. ಒಂದು ದೊಡ್ಡ ಲಾಂಡ್ರಿಯಲ್ಲಿ ಅವನು ಗುಮಾಸ್ತ. ಆಸ್ಪತ್ರೆಯ ಹಾಸಿಗೆ ಬಟ್ಟೆ ಮೂಟೆಗಟ್ಟಲೆ ಬಂದು ಬಿದ್ದರೂ, ಮಡಿಸುವವರು ರಜೆ ಹಾಕಿದರೂ, "ಹೇಗೋ ಮ್ಯಾನೇಜ್ ಮಾಡ್ತೀನಿ" ಎನ್ನುತ್ತಿದ್ದ. ಹೀಗಾಗಿ ಎಲ್ಲರ ಬಾಯಲ್ಲೂ ಅವನು 'ಮ್ಯಾನೇಜರ್' ಆದ. ಮಾಲೀಕರು ಆ ಅಡ್ಡಹೆಸರನ್ನೇ ಹಾಜರಿ ಪುಸ್ತಕದಲ್ಲೂ ಬರೆಸಿಬಿಟ್ಟರು. ಸಂಬಳ ಮಾತ್ರ ಗುಮಾಸ್ತನದೇ ಉಳಿಯಿತು.

ಈಗ ರಾಜ್ಯದಲ್ಲಿ ಹೊಸ ಕಾನೂನು ಬಂದಿತ್ತು. ತಿಂಗಳ ಸಂಬಳದವರನ್ನೂ ಹೊತ್ತು ಮೀರಿ ದುಡಿಸಿದರೆ ಓವರ್‌ಟೈಮ್ ಕೊಡಬೇಕು. ಕೈಕೆಳಗೆ ಜನ ಇರುವ ಮ್ಯಾನೇಜರುಗಳಿಗೆ ಮಾತ್ರ ಇಲ್ಲ. ದುಡ್ಡು ಬಿಚ್ಚುವುದೆಂದರೆ ಮಾಲೀಕರಿಗೆ ಹಲ್ಲು ಕೀಳಿಸಿಕೊಂಡಂತೆ. ಅದರ ಬದಲು ಸಂಜೆಗೇ ಮನೆಗೆ ಕಳಿಸಿಯಾರು ಎಂಬುದು ಅವನ ಆಸೆ. ಮಗಳು ಒಂದನೇ ಕ್ಲಾಸು. ಅವಳು ಎದ್ದಿರುವಾಗ ಅವನು ಮನೆ ಸೇರಿ ಎಷ್ಟೋ ದಿನವಾಗಿತ್ತು. ಅವಳ ಪಕ್ಕ ಕೂತು ಉಣ್ಣಬೇಕು, ಅವನಿಗೆ ಬೇಕಿದ್ದದ್ದು ಅಷ್ಟೇ.

ತಾನು ಮ್ಯಾನೇಜರ್ ಅಲ್ಲ, ಓವರ್‌ಟೈಮ್ ಕೊಡಿಸಿ ಎಂದು ಅವನು ಕೊಟ್ಟ ದೂರಿನ ಮೇಲೆ ಕಾರ್ಮಿಕ ಇಲಾಖೆಯ ಅಧಿಕಾರಿಣಿ ಅಂದು ವಿಚಾರಣೆಗೆ ಬಂದರು. ಯಾರು ಬಂದರೂ ಸ್ಟೂಲು ಬಿಟ್ಟೇಳದ ಗೇಟಿನ ತಾತ ಸೆಲ್ಯೂಟ್ ಹೊಡೆದು, ಮ್ಯಾನೇಜರ್ ಸಾಹೇಬರು ಒಳಗಿದ್ದಾರೆ ಎಂದು ಕರೆತಂದ. ಗುಮಾಸ್ತನ ಮುಖ ಹಿಂಡಿದ ಬಟ್ಟೆಯಂತಾಯಿತು.

ಅದು ಬರೀ ಅಡ್ಡಹೆಸರು ಎಂದು ಅವನು ವಿವರಿಸಿದ. ಅಧಿಕಾರಿಣಿ ಸಮಾಧಾನದಿಂದ ಕೇಳಿಸಿಕೊಂಡರು.

"ಇಲ್ಲಿ ನಿಮ್ಮ ಮಾತು ಯಾರು ಕೇಳ್ತಾರೆ?"

"ಒಬ್ರೂ ಕೇಳಲ್ಲ ಮೇಡಂ. ಬೇಕಾದ್ರೆ ನೀವೇ ನೋಡಿ."

ಇಸ್ತ್ರಿ ಅಕ್ಕನ ಕಡೆ ತಿರುಗಿ, ಮಡಿಸಿಟ್ಟ ದಿಂಬಿನ ಕವರುಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸು ಎಂದು ಗತ್ತಿನಿಂದ ಹೇಳಿದ. ಬೇರೆ ದಿನವಾಗಿದ್ದರೆ ಅಕ್ಕ ಅವನ ಜನ್ಮ ಜಾಲಾಡಿ ಒಣಹಾಕುತ್ತಿದ್ದಳು. ಆದರೆ ಅವನು ನಿಜವಾದ ಮ್ಯಾನೇಜರೋ ಅಲ್ಲವೋ ಎಂದು ನೋಡಲು ಯಾರೋ ಬರುತ್ತಾರಂತೆ ಎಂಬುದಷ್ಟೇ ಅವಳ ಕಿವಿಗೂ ತಾತನ ಕಿವಿಗೂ ಬಿದ್ದಿತ್ತು. ಹೊರಗಿನವರೆದುರು ನಮ್ಮ ಹುಡುಗನ ಮಾನ ಹೋಗಬಾರದು ಎಂದು ಬೆಳಿಗ್ಗೆಯೇ ಎಲ್ಲರೂ ಮಾತಾಡಿಕೊಂಡಿದ್ದರು.

"ಆಯ್ತು ಸಾರ್" ಎಂದು ಅಕ್ಕ ತಲೆತಗ್ಗಿಸಿ ಮಡಿಸತೊಡಗಿದಳು.

ಅವನು ಗಾಬರಿಯಿಂದ ತಾತನಿಗೆ ನೀರು ತರಲು ಹೇಳಿದ. ಮಂಡಿನೋವಿನ ತಾತ ಓಡಿಹೋಗಿ ತಂದ, ಅದೂ ತಟ್ಟೆಯ ಮೇಲಿಟ್ಟು. ಕೊನೆಗೆ ದಿಕ್ಕು ತೋಚದೆ, ಎಲ್ಲರೂ ಕೆಲಸ ಬಿಟ್ಟು ಎದ್ದು ನಿಲ್ಲಿ ಎಂದ. ಯಂತ್ರಗಳನ್ನು ಬಿಟ್ಟು ಇಡೀ ಲಾಂಡ್ರಿ ಎದ್ದು ನಿಂತಿತು.

ಅಧಿಕಾರಿಣಿ ಪೆನ್ನು ಮುಚ್ಚಿದರು. "ಇಷ್ಟು ಶಿಸ್ತು ನಾನು ಯಾವ ಮ್ಯಾನೇಜರ್ ಹತ್ರಾನೂ ನೋಡಿಲ್ಲ" ಎಂದು ಮೆಚ್ಚಿ, ದೂರನ್ನು ವಜಾ ಮಾಡಿ ಹೋದರು.

ಅಕ್ಕ ಬಂದು ಅವನ ಬೆನ್ನು ತಟ್ಟಿದಳು. ಅವಳ ಮುಖದಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ಅವನಿಗೆ ಬೈಯಲು ಮನಸ್ಸು ಬರಲಿಲ್ಲ.

ಸಂಜೆ ಮಾಲೀಕರು ಇನ್ನಷ್ಟು ಮೂಟೆ ಇಳಿಸಿ ಹೋದರು. ಸ್ವಲ್ಪ ಕೈಜೋಡಿಸಿ ಎಂದು ಅವನು ಕೇಳಿಕೊಂಡ.

"ಏನಪ್ಪಾ, ನಿಜವಾಗ್ಲೂ ಮ್ಯಾನೇಜರ್ ಆಗ್ಬಿಟ್ಯಾ?" ಎಂದು ನಗುತ್ತ ಅಕ್ಕ ಚೀಲ ಹೆಗಲಿಗೇರಿಸಿ ಹೊರಟಳು. ತಾತ ಸ್ಟೂಲಿನಿಂದ ಏಳಲೇ ಇಲ್ಲ.

ಅವನು ಮನೆಗೆ ಫೋನ್ ಮಾಡಿದ. ಮಗಳೇ ಎತ್ತಿದಳು. ಇವತ್ತೂ ತಡವಾಗುತ್ತೆ, ನೀನು ಅಮ್ಮನ ಜೊತೆ ಉಂಡು ಮಲಗು ಪುಟ್ಟಾ ಎಂದ.

"ಇರ್ಲಿ ಬಿಡಪ್ಪ" ಎಂದಳು ಮಗಳು. "ನಾನು ಹೇಗೋ ಮ್ಯಾನೇಜ್ ಮಾಡ್ತೀನಿ."