ಕಾಕಾನ ಡೇರೆ ಪ್ಯಾಂಟು

ನಮ್ಮ ಕಾಕಾ ಧಾರವಾಡದಲ್ಲಿ ಹುಚ್ಚರೆಂದು ಹೆಸರಾಗಿದ್ದರು ಎಂದರೆ ಅದು ಸಣ್ಣ ಸಾಧನೆಯಲ್ಲ. ಮನೆಗೊಬ್ಬ ಸಂಗೀತದ ಹುಚ್ಚ, ಓಣಿಗೊಬ್ಬ ಪುಸ್ತಕದ ಹುಚ್ಚ ಇದ್ದ ಊರಿನಲ್ಲಿ ಪೈಪೋಟಿ ಬಹಳ. ಅಂಥಾದ್ದರಲ್ಲಿ ಕಾಕಾ ಬರೀ ಒಂದು ಪ್ಯಾಂಟಿನ ಬಲದ ಮೇಲೆ ಎಲ್ಲರನ್ನೂ ಹಿಂದೆ ಹಾಕಿದ್ದರು!

ಆಗ ನಮ್ಮ ಕಡೆ ಪ್ಯಾಂಟು ಹಾಕುವವರೆಂದರೆ ಕಲೆಕ್ಟರ್ ಸಾಹೇಬರು ಮತ್ತು ರೈಲಿನ ಗಾರ್ಡು. ಉಳಿದವರಿಗೆಲ್ಲ ಧೋತರ. ಕಾಕಾ, ಅಂದರೆ ನಮ್ಮ ಅಪ್ಪನ ತಮ್ಮ, ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ಮದುವೆಯಾಗಿರಲಿಲ್ಲ. ರವಿವಾರ ಬಂತೆಂದರೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹಳಿಯಾಳದ ಅಡವಿಯ ದಾರಿ ಹಿಡಿಯುತ್ತಿದ್ದರು. ಅಡವಿಯ ಮುಳ್ಳಿಗೂ ಧೋತರಕ್ಕೂ ಆಗಿಬರುತ್ತದೆಯೇ? ಹುಬ್ಬಳ್ಳಿಯ ಹರಾಜಿನಲ್ಲಿ ಹಳೆಯ ಡೇರೆಯ ಒಂದು ಬದಿ ಕೊಂಡು ತಂದು ಪ್ಯಾಂಟು ಹೊಲಿದುಕೊಡೆಂದು ಸಿಂಪಿಗನ ಮುಂದೆ ಹರವಿದರು.

ಸಿಂಪಿಗ ಬೆರಳಿನಿಂದ ಬಡಿದು ನೋಡಿದ. "ಮಾಸ್ತರ, ಇದಕ್ಕ ಸಿಂಪಿಗ್ಯಾ ನಡ್ಯಂಗಿಲ್ರಿ. ಬಡಿಗ್ಯಾನ ಕಡೆ ಒಯ್ರಿ" ಎಂದ.

ಕಡೆಗೆ ಅದನ್ನು ಹೊಲಿದವನು ಹತ್ತಿಯ ಅಂಡಿಗೆಗಳ ಬಾಯಿ ಹೊಲಿಯುವ ಒಬ್ಬ, ಅದೂ ದಬ್ಬಣದಿಂದ. ಸಿದ್ಧವಾಗಿ ಬಂದ ಪ್ಯಾಂಟಿನ ಮುಖ್ಯ ಗುಣವೆಂದರೆ ಅದಕ್ಕೆ ಮನುಷ್ಯನ ಅಗತ್ಯವಿರಲಿಲ್ಲ. ತಾನೇ ನಿಲ್ಲುತ್ತಿತ್ತು. ಒಗೆದು ಬಾವಿಯ ಹತ್ತಿರ ಇಟ್ಟರೆ ಯಾರೋ ನೀರು ಸೇದಲು ಬಂದಂತೆ ಕಾಣುತ್ತಿತ್ತು. ಒಮ್ಮೆ ನಸುಕಿನಲ್ಲಿ ಹಾಲಿನ ಮುದುಕಿ ಹಿತ್ತಲಿಗೆ ಬಂದು, "ಸರೀರಿ ಮಾಸ್ತರ, ದಾರ್‍ಯಾಗ ನಿಂತೀರಿ" ಎಂದು ಎರಡು ಸಲ ಹೇಳಿ, ಉತ್ತರ ಬಾರದಿದ್ದಾಗ ತಲೆಯೆತ್ತಿ ನೋಡಿದಳು. ಸೊಂಟದ ಮೇಲೆ ಏನೂ ಇರಲಿಲ್ಲ! ಅಂದಿನಿಂದ ಹಾಲು ಮುಂಚೀಬಾಗಿಲಿಗೇ ಬರತೊಡಗಿತು.

ಅವ್ವನಿಗೆ ಮಡಿಯ ಚಿಂತೆ. ಆ ಪ್ಯಾಂಟಿಗೆ ಹೊಸ್ತಿಲ ಒಳಗೆ ಪ್ರವೇಶವಿರಲಿಲ್ಲ.

"ವೈನಿ, ನಾ ಸತ್ತರೂ ಇದು ಹರಿಯಂಗಿಲ್ಲ ನೋಡ್ರಿ" ಎನ್ನುತ್ತಿದ್ದರು ಕಾಕಾ ಅತ್ತಿಗೆಗೆ.

"ಅದಽ ನನಗ ಚಿಂತಿ. ನಿಮ್ಮ ಹಿಂದ ಅದನ್ನ ಯಾರು ಸಾಕಬೇಕು?" ಎನ್ನುತ್ತಿದ್ದಳು ಅವ್ವ.

ಕಾಕಾನ ಇನ್ನೆರಡು ವಿಚಿತ್ರಗಳಿದ್ದವು. ಸಾಲೆಗಾಗಲಿ ಅಡವಿಗಾಗಲಿ, ಆ ಪ್ಯಾಂಟು ಹಾಕಿ ನಡೆಯುವಾಗ ಎಡಗಾಲನ್ನು ನೆಟ್ಟಗೆ ಬೀಸಿ ಇಡುತ್ತಿದ್ದರು. ಮಿಲಿಟರಿ ಠೀವಿ ಎಂದುಕೊಂಡು ನಾವು ಹಿಂದಿನಿಂದ ಹಾಗೆಯೇ ನಡೆದು ನಗುತ್ತಿದ್ದೆವು. ಇನ್ನೊಂದು, ಮನೆಗೆ ಬಂದು ಧೋತರ ಉಟ್ಟರೋ, ಕುಳಿತಲ್ಲಿಂದ ಏಳುತ್ತಿರಲಿಲ್ಲ. ಹಳಿಯಾಳಕ್ಕೆ ನಡೆದು ಹೋಗುವ ಮನುಷ್ಯನಿಗೆ ಕುಡಿಯುವ ನೀರು ಕುಳಿತಲ್ಲಿಗೇ ಬೇಕು! ನಾನು ಗೊಣಗುತ್ತಿದ್ದೆ. ಅವ್ವ ತಾನೇ ತಂಬಿಗೆ ತಂದಿಡುತ್ತಿದ್ದಳು.

ಇನ್ನು ನನ್ನ ವಿಷಯ. ಕಚೇರಿಯಲ್ಲಿ ಕಾರಕೂನ. ಮೈಮೇಲೆ ಮಾಂಸ ಬಿಟ್ಟು ಉಳಿದೆಲ್ಲ ಇತ್ತು. ಗಾಳಿ ಬೀಸಿದರೆ ಧೋತರ ಹಾರುವುದೋ ನಾನು ಹಾರುವೆನೋ ಎಂದು ಹೇಳುವುದು ಕಷ್ಟ. "ಹುಡುಗ ಭಾಳ ತೆಳ್ಳಗ" ಎಂಬ ಒಂದೇ ಕಾರಣಕ್ಕೆ ಹೆಣ್ಣಿನ ಮನೆಗಳು ಒಂದೊಂದಾಗಿ ಕೈತೊಳೆದುಕೊಂಡಿದ್ದವು. ಉಪ್ಪಿನಬೆಟಗೇರಿಯ ಕುಲಕರ್ಣಿಯವರ ಮನೆಯಿಂದ ಕರೆ ಬಂದಾಗ ಅಪ್ಪ ಸ್ಪಷ್ಟವಾಗಿಯೇ ಹೇಳಿದ: "ಇದೂ ಮುರೀತಂದ್ರ ನಾ ಇನ್ನ ಯಾರ ಮನೀ ಕಟ್ಟೀನೂ ಹತ್ತಂಗಿಲ್ಲ. ನೀನೂ ನಿಮ್ಮ ಕಾಕಾನ ಹಂಗ ಅಡವಿ ತಿರುಗು."

ಅಪ್ಪ, ಅವ್ವ ಚಕ್ಕಡಿಯಲ್ಲಿ ಹೊರಟರು. ಕಾಕಾ ಯಥಾಪ್ರಕಾರ ಪ್ಯಾಂಟು ಹಾಕಿ ನಡೆದು ಹೊರಟರು. "ನಾನೂ ನಡದಽ ಬರ್ತೀನಿ" ಎಂದೆ ನಾನು. ಹುಡುಗ ಧಾರವಾಡದಿಂದ ನಡೆದು ಬಂದನಂತೆ ಎಂದು ಹುಡುಗಿಯ ಕಿವಿಗೆ ಬೀಳಲಿ ಎಂಬ ಹುನ್ನಾರ. ಉಟ್ಟದ್ದು ಅಪ್ಪನ ಮದುವೆಯ ಜರಿ ಅಂಚಿನ ಧೋತರ, ಕೈಯಲ್ಲೊಂದು ಛತ್ರಿ.

ಊರು ಕಣ್ಣಿಗೆ ಕಾಣುವವರೆಗೆ ಎಲ್ಲ ನೆಟ್ಟಗಿತ್ತು. ಅಲ್ಲಿ ಒಂದು ಎಮ್ಮೆ ಎದುರಾಯಿತು. ಅದು ಹಾಯಲಿಲ್ಲ, ಓಡಿಸಿಕೊಂಡು ಬರಲಿಲ್ಲ. ಬರೀ ನನ್ನನ್ನು ನೋಡಿತು. ನಾನು ಜಾಲಿ ಮುಳ್ಳಿನ ಬೇಲಿ ಹಾರಿದೆ. ನಾನು ಆ ಕಡೆ ಬಿದ್ದೆ, ಧೋತರದ ಬಹುಭಾಗ ಬೇಲಿಯಲ್ಲೇ ಉಳಿಯಿತು.

ಕಾಕಾ ಬಂದು ನೋಡಿದರು. ನಗಲಿಲ್ಲ. ಒಮ್ಮೆ ತಮ್ಮ ಪ್ಯಾಂಟನ್ನು ನೋಡಿಕೊಂಡರು. ಆಮೇಲೆ ಜೋಳದ ಹೊಲದೊಳಗೆ ಹೋಗಿ ಪ್ಯಾಂಟು ಬಿಚ್ಚಿ ದಂಟಿನ ಮರೆಯಿಂದಲೇ ನನ್ನ ಕಡೆ ಚಾಚಿ, "ಹಾಕ್ಕೋ. ಆ ಹರಕು ನನಗ ಕೊಡು" ಎಂದರು.

ಅದರೊಳಗೆ ಇಳಿದೆ. ಎಡ ಮೊಳಕಾಲಿನ ಹತ್ತಿರ ಬಟ್ಟೆಯ ಮಡಿಕೆಯೊಳಗೆ ಏನೋ ಗಟ್ಟಿಯಾದದ್ದು ಚುಚ್ಚಿತು. ಅಡವಿಗೆ ಬೇಕಾಗುವ ಯಾವುದೋ ಉಪಕರಣ ಇರಬೇಕೆಂದುಕೊಂಡೆ. ಕಾಕಾ ನನ್ನ ಛತ್ರಿ ಊರಿಕೊಂಡು ಹಿಂದೆ ಹಿಂದೆ ಉಳಿಯುತ್ತಿದ್ದರು. ಹರಕು ಧೋತರದ ನಾಚಿಕೆ ಎಂದುಕೊಂಡು, "ಕಾಕಾ, ಲಗೂ ಬರ್ರಿ" ಎಂದು ಗದರಿದೆ. ಊರು ಮುಟ್ಟಿದ ಮೇಲೆ ಅವರು ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆಯೇ ಕುಳಿತರು.

ಒಳಗೆ ನನಗಾಗಿ ಮಣೆ ಹಾಕಿದ್ದರು, ಮುಂದೆ ಅವಲಕ್ಕಿಯ ತಾಟು. ಚಕ್ಕಳಮಕ್ಕಳ ಹಾಕಿ ಕೂಡ್ರಬೇಕು. ಬಲಗಾಲು ಹೇಗೋ ಮಡಚಿದೆ. ಎಡಗಾಲು ಜಪ್ಪಯ್ಯ ಎಂದರೂ ಮಡಚಲಿಲ್ಲ. ಅದು ನೆಟ್ಟಗೆ ಚಾಚಿಕೊಂಡು ಅಂಗಾಲನ್ನು ಹುಡುಗಿಯ ಅಜ್ಜನ ಮುಖಕ್ಕೆ ಹಿಡಿಯಿತು. ಹಿರಿಯರಿಗೆ ಕಾಲು ತೋರಿಸಿ ಅವಲಕ್ಕಿ ತಿಂದ ಮೊದಲ ವರ ನಾನೇ ಇರಬೇಕು! ಬಾಗಿಲ ಹಿಂದೆ ಬಳೆಗಳ ಸದ್ದು, ಒತ್ತಿಹಿಡಿದ ನಗೆ. ಅಪ್ಪ ನನ್ನನ್ನು ಕಣ್ಣಿನಲ್ಲೇ ಸುಡುತ್ತಿದ್ದ.

ಅಜ್ಜ ತಮ್ಮ ತಾಟು ಸರಿಸಿದರು. "ರಾಯರ, ಮನಸಿಗೆ ಹಚ್ಚಿಕೋಬ್ಯಾಡ್ರಿ. ಹುಡುಗ ತೆಳ್ಳಗ ಅದಾನಂತ ಮೊದಲಽ ಹೇಳಿದ್ರಿ. ಎಡಗಾಲಿನ ಊನ ಹೇಳಲಿಲ್ಲ."

ಮದುವೆ ಮುರಿಯುವ ಸದ್ದು ನನಗೆ ಪರಿಚಯದ್ದೇ. ಬಾಯಿ ತೆರೆದೆ, ಅವಲಕ್ಕಿ ಗಂಟಲಿಗೆ ಸಿಕ್ಕಿತು. ಅಷ್ಟರಲ್ಲಿ ಛತ್ರಿಯ ಟಕ್ ಟಕ್ ಸದ್ದಾಯಿತು. ಕಾಕಾ ಹೊಸ್ತಿಲು ಹಿಡಿದು ಒಳಗೆ ಬಂದರು. ಹರಕು ಧೋತರದಲ್ಲಿ ಅವರ ಎಡಗಾಲು ಮೊಳಕಾಲಿನಿಂದ ಕೆಳಗೆ ಕಾಣುತ್ತಿತ್ತು. ಬಲಗಾಲಿನ ಅರ್ಧದಷ್ಟೂ ದಪ್ಪ ಇರಲಿಲ್ಲ. ಹೆಜ್ಜೆ ಇಟ್ಟಾಗೊಮ್ಮೆ ಮೊಳಕಾಲು ಕುಸಿಯುತ್ತಿತ್ತು.

"ಹುಡುಗನ ಕಾಲು ಛಲೋ ಅದಾವ್ರಿ" ಎಂದರು. "ಊನ ಇದ್ದದ್ದು ನಂದು. ಸಣ್ಣಾಂವ ಇದ್ದಾಗ ಗಿಡದಿಂದ ಬಿದ್ದದ್ದು. ಮೊಳಕಾಲು ನಿಲ್ಲಂಗಿಲ್ಲ ಅಂತ ಪ್ಯಾಂಟಿನ್ಯಾಗ ಬಿದಿರಿನ ಚಕ್ಕಿ ಇಟ್ಟು ಹೊಲಿಸೇನಿ. ಅವನ ಧೋತರ ಹರೀತು, ನಂದು ಕೊಟ್ಟೆ. ಅದಕ್ಕಽ ಮಡಚವಲ್ದು."

ಕಾಕಾ ತಿರುಗಿ, ಹಾಗೆಯೇ ಕುಸಿಯುತ್ತ ಏಳುತ್ತ, ಹೊರಗೆ ಹೋದರು. ಬುದ್ಧಿ ತಿಳಿದಾಗಿನಿಂದ ನಾನು ನಗುತ್ತ ಬಂದ ಕಾಲು ಅದು. ನನಗೆ ತಲೆ ಎತ್ತಲಾಗಲಿಲ್ಲ.

ಅಜ್ಜ ಒಳಗೆ ಹೋಗಿ ಪೆಟ್ಟಿಗೆ ತೆರೆದ ಸದ್ದಾಯಿತು. ಬರುವಾಗ ಕೈಯಲ್ಲಿ ಹೊಸ ಧೋತರವಿತ್ತು. ನಮ್ಮಲ್ಲಿ ಹೆಣ್ಣಿನವರು ಹುಡುಗನಿಗೆ ಧೋತರ ಕೊಟ್ಟರೆಂದರೆ ಮುಗಿಯಿತು, ಮತ್ತೆ ಮಾತಿಲ್ಲ. ಅದನ್ನು ನನ್ನ ಮುಂದಿಟ್ಟು, "ಇದನ್ನ ಉಟಗೋರಿ. ಮಾಸ್ತರ್ರ ಪ್ಯಾಂಟು ಮೊದಲ ಅವರಿಗೆ ಕೊಟ್ಟು ಬರ್ರಿ" ಎಂದರು.

ನನ್ನನ್ನು ನೋಡಿ ಒಪ್ಪಿದರೆಂಬ ಭ್ರಮೆ ನನಗೆ ಬಹಳ ದಿನ ಉಳಿಯಲಿಲ್ಲ. "ನಿಮ್ಮಲ್ಲಿ ನೋಡಲಿಕ್ಕೆ ಏನಿತ್ತು? ಅಜ್ಜ ಕಾಕಾನ್ನ ನೋಡಿ ಹೂಂ ಅಂದರು. ನಾನೂ" ಎಂದು ಹೆಂಡತಿ ಮದುವೆಯಾದ ಹೊಸದರಲ್ಲೇ ಹೇಳಿಬಿಟ್ಟಳು.

ಆ ದಿನ ಹೊಸ ಧೋತರ ಉಟ್ಟು, ಕುಲಕರ್ಣಿಯವರ ದನದ ಕೊಟ್ಟಿಗೆಯ ಹಿಂದೆ ಕಾಕಾನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಪ್ಯಾಂಟು ಹಿಡಿದೆ. ಹಿಡಿಯುವ ಅಗತ್ಯವಿರಲಿಲ್ಲ, ಅದು ತಾನೇ ನಿಲ್ಲುತ್ತಿತ್ತು. ಆದರೂ ಹಿಡಿದೆ. ಕಾಕಾ ಕಾಲೆತ್ತಲು ನೋಡಿದರು, ಆಗಲಿಲ್ಲ. ಹಿಡಿದುಕೊಳ್ಳಲು ಗೋಡೆ ದೂರವಿತ್ತು. ಒಂದು ಕ್ಷಣ ಅನುಮಾನಿಸಿ ನನ್ನ ಹೆಗಲ ಮೇಲೆ ಕೈಯಿಟ್ಟು ಪೂರಾ ಭಾರ ಹಾಕಿದರು. ಕಡ್ಡಿಯಂಥ ನಾನು ಮುರಿಯಲಿಲ್ಲ.

"ತೆಳ್ಳಗಿದ್ರೂ ಗಟ್ಟಿ ಇದ್ದೀ" ಎಂದರು ಕಾಕಾ. ಅಂಗಳಕ್ಕೆ ಬಂದು ಎಡಗಾಲು ಬೀಸಿ ಧಾರವಾಡದ ದಾರಿ ಹಿಡಿದರು. "ಲಗೂ ಬಾರೋ" ಎಂದು ಕೂಗುತ್ತಿದ್ದರು. ಹೊಸ ಧೋತರ ಎತ್ತಿ ಹಿಡಿದು, ಕಣ್ಣು ಒರೆಸಿಕೊಳ್ಳುತ್ತ, ನಾನು ಅವರ ಹಿಂದೆ ಓಡಿದೆ.